ಮಲಗುವಷ್ಟು ಜಾಗ

ತಿಪ್ಪೇರುದ್ರಪ್ಪ ಅಕ್ಕನ ಎಡಮೊಣಕಾಲಿನ ಕೆಳಗೆ ಕೈ ತೂರಿಸಿದ್ದ. ಗಂಗೋತ್ರಿ ಆ ಕೈಯನ್ನು ಹಿಡಿದುಕೊಂಡಳು.

“ಬ್ಯಾಡ ಮಾಮಾ. ಅವ್ವನ್ನ ಕುಂದ್ರಸಬ್ಯಾಡ್ರಿ.”

“ಹುಚ್ಚಿ, ಬಿಡು. ಜೀವ ಹೋಗಿ ಮೂರು ತಾಸಾತು. ಮೈ ಸೆಟದ್ರ ಆಮ್ಯಾಲ ಮಡಚಾಕ ಬರಂಗಿಲ್ಲ.”

ಕುರುಗೋಡಿನ ಆ ಮನೆಯ ಗೋಡೆಗೆ ಆಗಲೇ ಮೊಳೆ ಹೊಡೆದಾಗಿತ್ತು. ಕೊಟ್ರಬಸಮ್ಮನನ್ನು ಅಲ್ಲಿ ಒರಗಿಸಿ, ಎದೆಗೆ ಬಟ್ಟೆ ಸುತ್ತಿ ಮೊಳೆಗೆ ಕಟ್ಟಿ ಕೂರಿಸಬೇಕು. ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ. ಮಣ್ಣಿಗೂ ಕುಳಿತೇ ಇಳಿಯಬೇಕು. ಮನೆತನದವರೆಲ್ಲ ಹಾಗೆಯೇ ಹೋದವರು.

ಬಳ್ಳಾರಿಯ ಗಾಂಧಿನಗರದಿಂದ ಮೊದಲ ಬಸ್ಸಿಗೆ ಬರುವಾಗ ಗಂಗೋತ್ರಿ ಹೇಳಬೇಕಾದ ಮಾತುಗಳನ್ನು ಹತ್ತು ಸಲ ಜೋಡಿಸಿಕೊಂಡಿದ್ದಳು. ಈಗ ಒಂದೂ ನೆನಪಾಗಲಿಲ್ಲ.

“ಆಪರೇಷನ್ ಆದಾಗಿಂದ ಆಕಿಗೆ ಕುಂದ್ರಾಕ ಆಗ್ತಿದ್ದಿಲ್ಲ. ಹನ್ನೊಂದು ವರ್ಷ” ಎಂದಳು.

“ಸತ್ತಾಕಿಗೆ ಯಾ ಸೊಂಟನೋವು ಬೇ?” ಪಕ್ಕದ ಮನೆಯ ಗಾದೆಮ್ಮ ಮೂಗೊರೆಸಿಕೊಂಡಳು. “ಈಗರ ನೆಮ್ಮದಿಲೆ ಕುಂದ್ರಲಿ.”

“ಅಲ್ಲ, ಕುಂದ್ರಲಾರದಾಕಿ ಬಯಲಕಡಿ ಹೆಂಗ ಹೋಗ್ತಿದ್ಲಂತ?” ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಗಂಗೋತ್ರಿಗೆ ಅದು ಕೇಳಿಸಿತು. ಹೇಗೆಂಬುದು ಅವಳಿಗೆ ಗೊತ್ತಿತ್ತು.

“ಭಾವಾ, ನೀವರ ಹೇಳ್ರಿ ಮಗಳಿಗೆ” ಎಂದ ತಿಪ್ಪೇರುದ್ರಪ್ಪ.

ಹೊಸ್ತಿಲ ಬಳಿ ನಿಂತಿದ್ದ ಕೊಟ್ಟೂರಪ್ಪ ಹೆಂಡತಿಯ ಮುಖ ನೋಡಿದ. “ಅಯ್ಯನೋರು ಬರ್ಲಿ” ಎಂದಷ್ಟೇ ಹೇಳಿದ.

*

ಇಪ್ಪತ್ತೆರಡು ವರ್ಷ ಕೊಟ್ರಬಸಮ್ಮ ದಿನಾ ಬಳ್ಳಾರಿಗೆ ಹೋಗಿ ಮಷಿನ್ ಮುಂದೆ ಕುಳಿತು ಜೀನ್ಸ್ ಪ್ಯಾಂಟು ಹೊಲಿದಳು. ಬೆನ್ನಿನ ಡಿಸ್ಕ್ ಜಾರಿತು, ಆಪರೇಷನ್ ಆಯಿತು. ಎರಡು ತಿಂಗಳು ಚೆನ್ನಾಗಿದ್ದಳು. ಆಮೇಲೆ ಎಡಗಾಲಿಗೆ ಬೆಂಕಿ ಇಳಿಯಿತು.

“ಒಳಗಿನ ಗಾಯ ಮಾಯುವಾಗ ಗಂಟುಗಟ್ಟಿ ನರವನ್ನು ಹಿಡಿದುಕೊಂಡಿದೆ. ಮತ್ತೆ ಕೊಯ್ದರೆ ಮತ್ತೆ ಬೆಳೆಯಬಹುದು” ಎಂದರು ಡಾಕ್ಟರು.

ನಿಂತರೆ, ಮಲಗಿದರೆ ಹೇಗೋ ತಡೆಯಬಹುದಿತ್ತು. ಕುಳಿತರೆ ಸೊಂಟದಿಂದ ಹೆಬ್ಬೆರಳಿನವರೆಗೆ ಹಸಿ ಮೆಣಸಿನಕಾಯಿ ಅರೆದು ಹಚ್ಚಿದಂತೆ. ಹೊರಗೆ ಕಾಣುತ್ತಿದ್ದುದು ಬೆನ್ನಿನ ಮೇಲಿನ ಬೆರಳುದ್ದದ ಗೆರೆಯೊಂದೇ. ಅದನ್ನೂ ಸೀರೆ ಮುಚ್ಚುತ್ತಿತ್ತು. ಅವಳು ಕಿಟಕಿಯ ಕಟ್ಟೆಯ ಮೇಲೆ ತಾಟಿಟ್ಟು ನಿಂತು ಉಣ್ಣುತ್ತಿದ್ದಳು, ನಿಂತು ಅಕ್ಕಿ ಆರಿಸುತ್ತಿದ್ದಳು, ಮನೆಗೆ ತರಿಸಿಕೊಂಡ ಪ್ಯಾಂಟುಗಳ ದಾರವನ್ನು ನಿಂತೇ ಕತ್ತರಿಸುತ್ತಿದ್ದಳು.

ಸಿರುಗುಪ್ಪದಲ್ಲಿ ತಮ್ಮನ ಮನೆಯ ಗೃಹಪ್ರವೇಶ. ಪಂಕ್ತಿ ಕುಳಿತಿತ್ತು. ಗೋಡೆಗೆ ಒರಗಿ ನಿಂತಿದ್ದ ಅಕ್ಕನನ್ನು ಕಂಡು ತಿಪ್ಪೇರುದ್ರಪ್ಪ ಕೂಗಿದ್ದ: “ಏನಕ್ಕಾ, ನಿಂತು ಉಣ್ಣಾಕ ಇದೇನು ಎಲೆಕ್ಷನ್ ಊಟನಾ? ನನ್ನ ಮನಿ ನೆಲ ಚುಚ್ಚತೈತೇನು?”

ಪಂಕ್ತಿ ನಕ್ಕಿತು. ಕೊಟ್ರಬಸಮ್ಮನೂ ನಕ್ಕಳು, ಹೋಗಿ ಕುಳಿತಳು. ಹೋಳಿಗೆ ಬರುವವರೆಗೂ ಕುಳಿತಳು, ಮಜ್ಜಿಗೆ ಬರುವವರೆಗೂ ಕುಳಿತಳು. ಸಂಜೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗಿಗೆ “ನೀನ ಕುಂದ್ರವ್ವ” ಎಂದು ಊರವರೆಗೂ ಕಂಬಿ ಹಿಡಿದು ನಿಂತು ಬಂದಳು.

ಮರುದಿನ ಬೋರಲು ಮಲಗಿದ್ದವಳು ತಲೆ ಎತ್ತದೆ ಹೇಳಿದಳು: “ಗಂಗಾ, ಸತ್ತಮ್ಯಾಲ ನನ್ನ ಕುಂದ್ರಸ್ತಾರ.”

“ಏನರ ಮಾತಾಡ್ತಿ ಬಿಡವ್ವ.”

“ಮಲಗ್ಸು ನನ್ನ. ಉದ್ದಕ.”

“ನನ್ನ ಮಾತು ಯಾರು ಕೇಳ್ತಾರವ್ವ?”

“ನನ್ನ ಮಾತೂ ಯಾರೂ ಕೇಳಿಲ್ಲ. ಅದಕ್ಕ ನಿನಗ ಹೇಳಾಕತ್ತೀನಿ.”

*

ಮಠದ ಅಯ್ಯನವರು ಎಲ್ಲ ಕೇಳಿಸಿಕೊಂಡು ಕಣ್ಣುಜ್ಜಿಕೊಂಡರು. “ಮಲಗಿಸಿದ್ರ ಲಿಂಗೇನು ಆಕಿನ್ನ ಬಿಟ್ಟು ಹೋಗಂಗಿಲ್ಲ. ಆದ್ರ ಮನಿಯವ್ರೆಲ್ಲ ಒಂದ ಮಾತಾಗ್ರಿ.”

“ನಾ ಒಪ್ಪಂಗಿಲ್ರಿ. ತವರುಮನಿಯವ್ನು ನಾನು” ಎಂದ ತಿಪ್ಪೇರುದ್ರಪ್ಪ. “ಅಲ್ಲದ ಕುಣಿನೂ ತೋಡಿಸ್ಯಾತು, ಕುಂದ್ರೋ ಅಳತಿಗೆ. ಹಿಡೀರಪ್ಪ ಆ ಕಡಿ.”

ಗಂಗೋತ್ರಿ ಎದ್ದು ನಿಂತಳು. “ಅಪ್ಪಾ, ನಾ ಹೊಲಕ್ಕ ಹೋಗಿ ಬರ್ತೀನಿ. ಅಲ್ಲೀತನ ಅವ್ವನ್ನ ಯಾರೂ ಮಡಚಬಾರ್ದು.”

ಕೊಟ್ಟೂರಪ್ಪ ಬಂದು ಹೆಂಡತಿಯ ಕಾಲ ಬಳಿ ಕುಳಿತ. ಎರಡೂ ಅಂಗೈಗಳನ್ನು ಅವಳ ಮೊಣಕಾಲುಗಳ ಮೇಲಿಟ್ಟ.

“ತಿಪ್ಪೇರುದ್ರಾ, ನಿನ್ನ ಮನಿ ಊಟಕ್ಕ ಕುಂತಾಕಿ ಆರು ದಿನ ಬೋರಲ ಮಲಗಿದ್ಲು. ನಾನೂ ಅಂದಿದ್ದೆ, ನಾಟಕ ಮಾಡ್ತಿ ಅಂತ.”

“ನನಗ ಯಾರೂ ಹೇಳಲಿಲ್ಲ.”

“ಹೇಳಬ್ಯಾಡ ಅಂದ್ಲು.”

“ಹಂಗಂತ ಪದ್ಧತಿ ಬಿಡಾಕ ಬರ್ತೈತೇನು?” ಎಂದನಾದರೂ ತಿಪ್ಪೇರುದ್ರಪ್ಪ ಮುಂದೆ ಬರಲಿಲ್ಲ. ಗಂಗೋತ್ರಿ ಚಪ್ಪಲಿ ಮೆಟ್ಟಿ ಹೊರಟಳು.

ಹೊಲದಲ್ಲಿ ಯರ್ರಿಸ್ವಾಮಿ ಕುಣಿಯ ಅಂಚಿನಲ್ಲಿ ಬೀಡಿ ಹಚ್ಚಿದ್ದ. ಹೆಣ್ಣುಮಗಳು ಒಬ್ಬಳೇ ಬರುವುದನ್ನು ಕಂಡು ಎದ್ದು ನಿಂತ.

“ಉದ್ದ ಮಾಡಬೇಕು ಯರ್ರಿಸ್ವಾಮಿ. ಅವ್ವನ್ನ ಮಲಗಸ್ತೀವಿ.”

“ತಿಪ್ಪೇರುದ್ರಪ್ನೋರು ಕುಂದ್ರೋ ಕುಣಿ ಅಂದ್ರಲ್ರಿ ಅಕ್ಕೋರ? ನನಗ ಬೈತಾರ.”

“ನನ್ನ ಬೈಲಿ.”

“ಎಷ್ಟುದ್ದ ತೋಡ್ಲಿ?”

ಅವಳಿಗೆ ಅಡಿಗಳ ಲೆಕ್ಕ ಹೊಳೆಯಲಿಲ್ಲ. ಕುಣಿಯ ಪಕ್ಕದಲ್ಲಿ ಎರೆಮಣ್ಣಿನ ಮೇಲೆ ಅಂಗಾತ ಮಲಗಿದಳು. “ಅವ್ವ ನನ್ನಷ್ಟ ಇದ್ಲು. ಗುರುತು ಹಾಕು.”

ಯರ್ರಿಸ್ವಾಮಿ ಬೀಡಿ ಎಸೆದ. ಅವಳ ತಲೆಯಾಚೆ ಒಂದು, ಪಾದದಾಚೆ ಒಂದು ಗುದ್ದಲಿ ಏಟು ಹಾಕಿದ. “ಏಳ್ರಿ ಅಕ್ಕೋರ, ಏಳ್ರಿ. ಹಿಂಗ ಮಲಗಬಾರ್ದು.”

*

ಮಧ್ಯಾಹ್ನ ಭಜನೆಯ ಸದ್ದು ಹೊಲದ ಬದುವಿಗೆ ಬಂತು. ಚಟ್ಟದ ಮೇಲೆ ಕೊಟ್ರಬಸಮ್ಮ ಉದ್ದಕ್ಕೆ ಮಲಗಿದ್ದಳು. ಕೊಟ್ಟೂರಪ್ಪ ಮೊಣಕಾಲುಗಳಿಂದ ಕೈ ತೆಗೆಯುವ ಹೊತ್ತಿಗೆ ಮೈ ಸೆಟೆದಿತ್ತು.

ತಿಪ್ಪೇರುದ್ರಪ್ಪ ಕುಣಿ ನೋಡಿದ. ಅದರ ಉದ್ದ ನೋಡಿದ. ಆಮೇಲೆ ಗಂಗೋತ್ರಿಯ ಬೆನ್ನಿಗೆ ಅಂಟಿದ್ದ ಎರೆಮಣ್ಣನ್ನು ನೋಡಿದ. ಬೈಗುಳಕ್ಕೆ ಅವಳು ಕಾದಳು. ಅವನು ಅಂಗಿಯ ತೋಳು ಮಡಿಸಿ ಕುಣಿಗೆ ಇಳಿದ.

ಮೇಲಿನಿಂದ ನಾಲ್ವರು ಬಟ್ಟೆಯ ತುದಿ ಹಿಡಿದು ಇಳಿಸತೊಡಗಿದರು. ಒಂದು ತುದಿ ಸಡಿಲಾಯಿತು.

“ಹಗೂರಕ್ಲೇ!” ತಿಪ್ಪೇರುದ್ರಪ್ಪ ಚೀರಿದ. “ಸೊಂಟ ಐತಿ ಆಕಿದು... ಸೊಂಟಕ್ಕ ಕೈ ಕೊಡ್ರಿ!”

ಭಜನೆ ನಿಂತಿತು. ಅವನು ತಾನೇ ಬಗ್ಗಿ ಎರಡೂ ಅಂಗೈಗಳನ್ನು ಅಕ್ಕನ ಸೊಂಟದ ಕೆಳಗೆ ತೂರಿಸಿ, ಅವಳ ಭಾರವನ್ನೆಲ್ಲ ತಾಳಿಕೊಂಡು ಇಂಚಿಂಚಾಗಿ ನೆಲಕ್ಕೆ ತಂದ. ದೇಹ ಮಣ್ಣು ಮುಟ್ಟಿತು. ಯರ್ರಿಸ್ವಾಮಿ ಗುದ್ದಲಿ ಹಿಡಿದು ಕಾದ, ಅಯ್ಯನವರು ಬಿಲ್ವಪತ್ರೆ ಹಿಡಿದು ಕಾದರು. ತಿಪ್ಪೇರುದ್ರಪ್ಪ ಬಗ್ಗಿಯೇ ಇದ್ದ, ಕೈಗಳನ್ನು ಹೊರಗೆ ತೆಗೆಯದೆ.