ಕಡ್ಡಿಗೆ ಕಾಣದ ನೋವು

"ಉಗಿಯೇ, ಕಳ್ಳ ಮುಂಡೆ! ಬಾಯೊಳಗೇನದು?"

ಪೇಚಿಯಮ್ಮ ಉಗಿದಳು. ಬಿಸಿ ಟೀ ಕಂಪೌಂಡರ್ ತಂಗರಾಜನ ಬೂಟಿನ ಮೇಲೆ ಬಿತ್ತು. ಬಿಸಿ ಬಾಯಲ್ಲಿಟ್ಟರೆ ಕಡ್ಡಿ ಜ್ವರ ತೋರಿಸುತ್ತದೆ, ಆದರೆ ಕರೆಯುವ ಮೊದಲೇ ಟೀ ನುಂಗಬೇಕು ಅಂತ ಸಾರಿ ಸಾರಿ ಹೇಳಿದ್ದೆ. ಅವಳಿಗೆ ಸುಳ್ಳಿನ ಅಭ್ಯಾಸವಿಲ್ಲ. ಟೀ ಕಾಸಿಕೊಟ್ಟವಳು ನಾನು.

ಅವನು ಜ್ವರದ ಕಡ್ಡಿಯನ್ನು ಕಂಕುಳಿಗೆ ಸಿಕ್ಕಿಸಿದ. "ತೊಂಬತ್ತೆಂಟು. ನಡಿ ಕೆಲ್ಸಕ್ಕೆ."

"ಕುತ್ತಿಗೆ ಒಂದೇ ಸಮ ನೋಯ್ತದೆ ಅಯ್ಯಾ. ಕೈಯಾಗೆ ಜೀವ್ನೇ ಇಲ್ಲ. ಯಾವ್ದಕ್ಕೂ ಮನ್ಸೇ ಬರಲ್ಲ. ಗಿಡದ ಮುಂದೆ ನಿಂತ್ರೆ ನಿಂತೇ ಇರ್ತೀನಿ."

"ಮನ್ಸಿಗೆ ಕಾಯ್ಲೆ ಬರಕ್ಕೆ ನೀನೇನು ದೊರೆಸಾನೀನಾ? ಗಂಡನ್ನ ಆನೆ ತುಳಿದು ವರ್ಷ ಆಯ್ತು. ಇನ್ನೂ ಅದನ್ನೇ ಹೇಳ್ಕೊಂಡು ತಿರುಗ್ತೀಯಾ?"

ವಾಲ್ಪಾರೈ ಬೆಟ್ಟದ ನಮ್ಮ ತೋಟದಲ್ಲಿ ಕಾಯಿಲೆ ಎಂದರೆ ಜ್ವರ, ಇಲ್ಲವೇ ರಕ್ತ. ಇಪ್ಪತ್ತೆರಡು ವರ್ಷ ಎಲೆಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಬೆಟ್ಟ ಹತ್ತಿದವಳ ನೋವಿಗೆ ಆ ಕಡ್ಡಿಯಲ್ಲಿ ಗೆರೆಯಿಲ್ಲ. ರಜೆಯ ಚೀಟಿಯಿಲ್ಲದೆ ಇನ್ನೊಂದು ದಿನ ತಪ್ಪಿದರೆ ಅವಳ ಹೆಸರು ಹೊಡೆಯುತ್ತಾರೆ. ಹೆಸರು ಹೋದರೆ ತೋಟದವರು ಕೊಟ್ಟ ಲೈನ್ ಮನೆಗೆ ಬೀಗ. ಅವಳಿಗೆ ಬೇರೆ ಮನೆಯೂ ಇಲ್ಲ, ಊರೂ ಇಲ್ಲ.

ಪೇಚಿಯಮ್ಮ ಬುಟ್ಟಿ ಬೆನ್ನಿಗೆ ಎಳೆದುಕೊಂಡಳು. ಪಟ್ಟಿ ಹಿಡಿದ ಕೈ ಎದೆಯ ತನಕ ಬಂದು ನಿಂತಿತು.

"ನೋಡ್ರೇ, ಎಂಥಾ ನಾಟ್ಕ!" ತಂಗರಾಜ ನಕ್ಕ. ಸಾಲಿನಲ್ಲಿದ್ದ ನಾವೆಲ್ಲ ನೆಲ ನೋಡಿದೆವು. ನನಗೆ ಸಿಟ್ಟು ಬಂತು, ಅವನ ಮೇಲಲ್ಲ, ನನ್ನ ಮೇಲೇ.

"ತಂಗರಾಜಾ," ಅಂದೆ. ಅಯ್ಯಾ ಅನ್ನಲಿಲ್ಲ. "ನಿನ್ ಬುಕ್ ತೆಗಿ. ನಂಗೆ, ಈ ಸೊರ್ಣಂಗೆ, ಜ್ವರ ಅಂತ ಐದು ಸಲ ಬರ್ದಿದೀಯಲ್ಲ? ಒಂದೂ ಜ್ವರ ಅಲ್ಲ. ಎಲ್ಲಾ ಟೀ. ಹೊಡ್ದಾಕು."

"ಹೊಡ್ದಾಕಿದ್ರೆ ನಿನ್ ಮನೆಗೂ ಬೀಗ ಬೀಳ್ತದೆ, ಲೌಡಿ."

"ಬೀಳ್ಲಿ. ಸುಳ್ಳು ಹೇಳಿದೋಳಿಗೆ ಐದು ಚೀಟಿ ಕೊಟ್ಟೆ. ನಿಜ ಹೇಳೋಳಿಗೆ ಒಂದು ಕೊಡು."

ಅವನು ಪೆನ್ನಿನ ಮುಚ್ಚಳ ತೆಗೆದ. ನನ್ನ ಹೆಸರನ್ನು ಹುಡುಕಿ ಗೆರೆ ಎಳೆದ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾಳೆ.

ಹಿಂದಿನಿಂದ ವೇಲತ್ತಾಯಿಯ ದನಿ ಬಂತು. ಮೇಸ್ತ್ರಿ ಬೈದರೂ ತುಟಿ ಬಿಚ್ಚದ ಮುದುಕಿ. "ನಂದೂ ಹೊಡಿ. ನಂದೂ ಟೀನೇ."

"ನಂದೂ," ಅಂದಳು ಅವಳ ಹಿಂದಿನವಳು.

"ನಂದೂ."

ತಂಗರಾಜ ತಲೆಯೆತ್ತಿ ಸಾಲನ್ನು ನೋಡಿದ. ಪೇಚಿಯಮ್ಮನಿಗೆ ಇದೊಂದೂ ಕೇಳಿಸಿದಂತಿರಲಿಲ್ಲ. ಮೇಲೇಳದ ಕೈಯಿಂದ ಪಟ್ಟಿಯನ್ನು ಹಣೆಗೇರಿಸಲು ನೋಡುತ್ತಲೇ ಇದ್ದಳು.