ಹೊಸ್ತಿಲಾಚೆಯ ಪಾಠ

"ಅಮ್ಮಾ, ತಟ್ಟೆ ನೀನೇ ಎತ್ಕೊ. ನನ್ನ ಮುಟ್ಬ್ಯಾಡ."

ಇಂದುಜಾ ತಟ್ಟೆಯನ್ನು ಹಿತ್ತಲ ಜಗಲಿಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಏಳು ವರ್ಷದ ಹುಡುಗಿ, ಕೆಲಸ ಮಾತ್ರ ಬಲು ಅಚ್ಚುಕಟ್ಟು. ಅವಳ ತಾಯಿ ವನಿತಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಟ್ಟಾದ ಮೂರು ದಿನ ಈ ಮನೆಯ ಸೊಸೆ ಜಗಲಿ ದಾಟಿ ಒಳಗೆ ಬರುವ ಹಾಗಿಲ್ಲ. ಹೋದ ವರ್ಷದವರೆಗೆ ಅವಳಿಗೆ ಊಟ, ನೀರು ತಂದಿಡುತ್ತಿದ್ದವರು ಅತ್ತೆ ಸಿದ್ದಲಕ್ಷ್ಮಮ್ಮ. ಈಗ ಅದು ಮೊಮ್ಮಗಳ ಪಾಲಿಗೆ ಬಂದಿತ್ತು.

ಸಿದ್ದಲಕ್ಷ್ಮಮ್ಮ ಕೆಟ್ಟವರೇನಲ್ಲ. ಬಾಯಿ ತುಂಬ ಬೈದರೂ ಬಡಿಸುವಾಗ ಒಂದು ಸೌಟು ಹೆಚ್ಚೇ ಹಾಕುವ ಹೆಂಗಸು. "ಮಗು ಇವಾಗ್ಲೇ ಕೆಲ್ಸ ಕಲ್ತ್ಕೊಳ್ಲಿ. ಕಸ ಗುಡಿಸ್ಲಿ, ಚೊಂಬು ತುಂಬ್ಲಿ. ಅದ್ರಾಗೆ ಏನೈತೆ ತಪ್ಪು?" ಎಂದಿದ್ದರು. ಊರಿನ ತಮಿಳು ಶಾಲೆಯ ಟೀಚರೂ ಅದನ್ನೇ ಹೇಳಿದ್ದರು. ಮಗಳು ಸೊಪ್ಪು ಬಿಡಿಸುವಾಗ, ಬಟ್ಟೆ ಮಡಿಸುವಾಗ ವನಿತಾಗೆ ಹೆಮ್ಮೆಯೇ ಆಗುತ್ತಿತ್ತು. ಜಗಲಿಗೆ ತಟ್ಟೆ ತಂದಿಡುವ ಈ ಕೆಲಸವೂ ಅವುಗಳ ಜೊತೆ ಯಾವಾಗ ಸೇರಿಕೊಂಡಿತೋ, ಅವಳಿಗೆ ಗೊತ್ತೇ ಆಗಲಿಲ್ಲ.

ಅತ್ತೆ ಬೆಳಿಗ್ಗೆಯೇ ಅಡುಗೆ ಮುಗಿಸಿ ಮೊರಪ್ಪೂರಿನ ತಂಗಿ ಮನೆಗೆ ಹೋಗಿದ್ದರು. ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ಗಂಡ ಶಂಕರ್ ಮಾರಂಡಹಳ್ಳಿಯಿಂದ ತರಕಾರಿ ವ್ಯಾನು ಓಡಿಸುವವನು, ಸಂಜೆಗೇ ಬರುವುದು. ತಟ್ಟೆಯ ಮುದ್ದೆ ತಣ್ಣಗಾಗಿ ಗಟ್ಟಿಯಾಗಿತ್ತು.

"ಸಾರಾದ್ರೂ ಒಂಚೂರು ಬಿಸಿ ಇದ್ದಿದ್ರೆ ಇಳೀತಿತ್ತು," ಎಂದಳು ವನಿತಾ. ಸುಮ್ಮನೆ ಬಾಯಿಗೆ ಬಂದ ಮಾತು.

"ಇರು, ಬಿಸಿ ಮಾಡ್ಕೊಂಡ್ ಬತ್ತೀನಿ."

ಬ್ಯಾಡ ಅನ್ನುವಷ್ಟರಲ್ಲಿ ಹುಡುಗಿ ಒಳಗೆ ಓಡಿಯಾಗಿತ್ತು. ಸ್ಟೂಲು ಎಳೆದ ಸದ್ದಾಯಿತು, ಲೈಟರು ಎರಡು ಸಲ ಚಟಕ್ಕೆಂದಿತು. ವನಿತಾ ಹೊಸ್ತಿಲವರೆಗೆ ಬಂದಳು. ನಾಲ್ಕು ಹೆಜ್ಜೆ ಒಳಗಿಟ್ಟು ಸ್ಟವ್ ಆರಿಸಿದ್ದರೆ ಮುಗಿದುಹೋಗುತ್ತಿತ್ತು. ಹಾಳಾದ್ದು, ಕಾಲು ಏಳಲಿಲ್ಲ. ನಿಂತಲ್ಲಿಂದಲೇ ಪಾಠ ಹೇಳತೊಡಗಿದಳು.

"ಉರಿ ಸಣ್ಣ ಮಾಡು. ಇನ್ನೂ ಸಣ್ಣ. ಸಾಕು, ಆಫ್ ಮಾಡು. ಬಟ್ಟೆ ತಗೊಂಡು ಎರಡೂ ಕಡೆ ಇಡ್ಕೊ ಕಣಮ್ಮ. ನಿಧಾನ."

ಹುಡುಗಿ ತಾಯಿ ಹೇಳಿದಂತೆಯೇ ಮಾಡಿದಳು. ಸ್ಟೂಲಿನಿಂದ ಇಳಿಯುವಾಗ ಮಾತ್ರ ಪಾತ್ರೆ ವಾಲಿತು. ಹುರುಳಿ ಸಾರು ಬಲಗೈ ಮೇಲೆ ಸುರಿದು ನೆಲಕ್ಕೆಲ್ಲ ಹರಡಿತು.

ವನಿತಾ ಒಳಗೆ ನುಗ್ಗಿದಳು. ಹುಡುಗಿ ಸುಟ್ಟ ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯನ್ನು ಅಡ್ಡ ಚಾಚಿದಳು. "ಬರ್ಬ್ಯಾಡಮ್ಮಾ. ಅಜ್ಜಿ ಬೈತೈತೆ." ಆಮೇಲೆ ಶಾಲೆಯ ತಮಿಳಿನಲ್ಲಿ, "ವಲಿಕಲೆ, ವಲಿಕಲೆ," ಎಂದಳು. ನೋವಿಲ್ಲ ಅಂತ. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

ವನಿತಾ ಅವಳನ್ನು ಬಾಚಿ ಎತ್ತಿಕೊಂಡು, ಮುಟ್ಟಬಾರದ ಕೊಡದಿಂದಲೇ ನೀರು ಮೊಗೆದು ಮೊಗೆದು ಕೈಮೇಲೆ ಹೊಯ್ದಳು. ಕೊಡ ಬರಿದಾಗುವವರೆಗೂ ಹೊಯ್ದಳು. ಮುಂಗೈ ಕೆಂಪಗೆ ಉಬ್ಬಿತ್ತು. ಅವಳಿಗೆ ತನ್ನ ಮೇಲೆಯೇ ಅಸಹ್ಯ ಬಂತು. ನಾಲ್ಕು ಹೆಜ್ಜೆ ಇಡಲಾರದೆ ಹೆತ್ತ ಕೂಸಿನ ಕೈ ಸುಟ್ಟಿದ್ದಳು. ಪಕ್ಕದ ಮನೆಯ ಗೋಪಿಗೆ ಆಸ್ಪತ್ರೆಗೆ ಹೋಗಲು ಬೈಕ್ ತರುವಂತೆ ಫೋನ್ ಮಾಡಿದಳು.

ಫೋನಿಟ್ಟು ತಿರುಗಿದರೆ ಹುಡುಗಿ ನೆಲದಲ್ಲಿ ಮಂಡಿಯೂರಿದ್ದಳು. ಎಡಗೈಯಲ್ಲಿ ಒರೆಸುವ ಬಟ್ಟೆ. ಚೆಲ್ಲಿದ ಸಾರನ್ನು ಬಿಟ್ಟು, ಅದನ್ನು ತುಳಿದು ತಾಯಿ ಮೂಡಿಸಿದ್ದ ಹೆಜ್ಜೆಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು.

"ನೀನು ಆಚೆ ಓಗ್ ಕೂತ್ಕೊ. ನಾನೇ ಕೈ ತೊಳ್ಕೊಂಡೆ ಅಂತೀನಿ," ಎಂದಳು ತಲೆಯೆತ್ತದೆ. "ಅಜ್ಜಿಗೆ ಗೊತ್ತಾಗಲ್ಲ."

ವನಿತಾ ಒರೆಸುವ ಬಟ್ಟೆಯನ್ನು ಕಿತ್ತುಕೊಂಡು ಮೂಲೆಗೆಸೆದಳು. ಒಲೆಯ ಮುಂದೆ, ಸಾರಿನ ನಡುವೆಯೇ ಕಾಲು ಚಾಚಿ ಕೂತು ಮಗಳನ್ನು ತೊಡೆಯ ಮೇಲೆಳೆದುಕೊಂಡಳು. ಅಂಗಳದ ತಡಿಕೆ ಬಾಗಿಲು ಕಿರ್ರೆಂದಿತು. "ಇಂದೂ, ಅಮ್ಮಂಗೆ ಊಟ ಕೊಟ್ಯಾ?" ಸಿದ್ದಲಕ್ಷ್ಮಮ್ಮನ ದನಿ.

"ಏಳಮ್ಮಾ," ಎಂದು ಹುಡುಗಿ ಪಿಸುಗುಟ್ಟಿದಳು. "ಬೇಗ ಏಳು."

ವನಿತಾ ಸುಟ್ಟ ಕೈಗೆ ಉಫ್ ಉಫ್ ಎಂದು ಊದುತ್ತ ಕೂತಳು. ಹುಡುಗಿ ಇನ್ನೊಂದು ಕೈಯಿಂದ ತಾಯಿಯ ಹೆಗಲನ್ನು ಹಿತ್ತಲ ಬಾಗಿಲಿನ ಕಡೆಗೆ ತಳ್ಳುತ್ತಲೇ ಇದ್ದಳು.