ಸಾಹುಕಾರರ ಬಾಯಿ

"ತಗೀಬೇ ಕೈ! ಯಾರ ಬಾಯಾಗ ಬೆರಳಿಟ್ಟಿ, ಸೂಳಿ?"

ಆಸ್ಪತ್ರೆಯ ಆಯಾ ತಿಮ್ಮವ್ವ ತೆಗೆಯಲಿಲ್ಲ. ಕೈಗವಸಿನ ಬೆರಳಿಗೆ ಸುತ್ತಿದ ಬಟ್ಟೆ ಅಯ್ಯಣ್ಣ ಸಾಹುಕಾರರ ದವಡೆಯೊಳಗಿತ್ತು. ಉಸಿರಿನ ಮಷಿನ್ನಿನಿಂದ ಗಂಟಲಿಗಿಳಿದ ಪೈಪಿನ ಪಕ್ಕ ಹಳದಿ ಲೋಳೆ. ಅದನ್ನು ಪೂರ್ತಿ ಬಳಿದು ತೆಗೆದು ಬಕೆಟ್ಟಿಗೆ ಹಾಕಿ, ಆಮೇಲೆ ತಿರುಗಿದಳು.

ಬಾಗಿಲಲ್ಲಿ ಸಾಹುಕಾರರ ಮಗ ಲಿಂಗಣ್ಣ.

"ನಮ್ಮೂರ ಕೇರಿಯಾಕಿ ಅಲ್ಲೇನ ಇಕಿ? ಶಹಾಪುರದಾಗ ಬ್ಯಾರೆ ಆಯಾಗೋಳು ಸತ್ತಾರೇನು?"

"ಬಾಯಿ ದಿನಾ ನಾಕ ಸಲ ತೊಳೀಬೇಕ್ರಿ," ಎಂದಳು ನರ್ಸ್ ಆಮೀನಾ. "ಇಲ್ಲಂದ್ರ ಹೊಲಸು ಪೈಪಿನ ಬಾಜೂಕ ಪುಪ್ಪಸಕ್ಕ ಇಳೀತದ. ನಿಮೋನಿಯಾ ಆಗ್ತದ."

"ನಮ್ಮವರೇ ತೊಳೀತಾರ."

ಡಾಕ್ಟರು ಲಿಂಗಣ್ಣನ ಗೆಳೆಯ. ತಿಮ್ಮವ್ವನನ್ನು ಪಾಯಖಾನೆ ತೊಳೆಯಲು ಹಾಕಿದರು.

ಎರಡು ದಿನ ಲಿಂಗಣ್ಣನ ಭಾವಮೈದುನ ಮೂಗು ಮುಚ್ಚಿಕೊಂಡು ಮುದುಕನ ತುಟಿಗಷ್ಟೇ ಹತ್ತಿ ಒರೆಸಿದ. ಕುತ್ತಿಗೆ ನೋಯುತ್ತದೆಂದು ಮಂಚದ ತಲೆಯನ್ನೂ ಇಳಿಸಿದ. ಆಮೀನಾ ಎತ್ತರಿಸಿದಷ್ಟು ಸಲ ಇಳಿಸಿದ. ಮೂರನೆಯ ದಿನ ಸಾಹುಕಾರರ ಮೈ ಕೆಂಡ. ಎದೆಯಲ್ಲಿ ಗೊರಗೊರ.

ಲಿಂಗಣ್ಣ ಪಾಯಖಾನೆಯ ಬಾಗಿಲಿಗೆ ಬಂದ.

"ತಿಮ್ಮವ್ವ, ಬಾರವ್ವಾ. ನಿನ್ನಂಗ ಯಾರಿಗೂ ಬರಂಗಿಲ್ಲಂತ."

"ಈಗ ಅವ್ವ ಆದೆನ್ರಿ? ಮೊನ್ನಿ ಬ್ಯಾರೆ ಏನೋ ಇದ್ದೆ."

"ಪರದಿ ಎಳಕೊಂಡು ಮಾಡು. ಊರ ಮಂದಿ ಬಂದಾರ, ನೋಡಿದ್ರ ಚಲೋ ಕಾಣಂಗಿಲ್ಲ. ನಿನ್ನ ಹೊಲಕ್ಕ ನಾಳಿಂದ ಕೆನಾಲ್ ನೀರು ಬಿಡಸ್ತೀನಿ."

ಕಾಲುವೆಯ ತುದಿಯಲ್ಲಿ ಅವಳ ಎರಡೆಕರೆ. ಮೇಲಿನ ಸಾಹುಕಾರರ ಭತ್ತವೇ ನೀರನ್ನೆಲ್ಲ ಕುಡಿಯುತ್ತಿತ್ತು. ಅವರ ಅಂಗಳದಲ್ಲಿ ಅವಳು ಬೊಗಸೆ ಒಡ್ಡಿದಾಗಲೂ ಅಷ್ಟೇ. ಮಾರೆತ್ತರದಿಂದ ಸುರಿದ ನೀರಿನಲ್ಲಿ ಅರ್ಧವನ್ನು ಮೊಣಕೈಯೇ ಕುಡಿಯುತ್ತಿತ್ತು.

ತಿಮ್ಮವ್ವ ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದಳು. ಹೊಸ ಕೈಗವಸು ಹಾಕಿಕೊಂಡಳು. ಹಿಡಿ ತಿರುಗಿಸಿ ಮಂಚದ ತಲೆ ಎತ್ತರಿಸಿದಳು. ಗಾಜಿನ ಬಾಗಿಲಾಚೆ ಊರಿನ ಏಳೆಂಟು ಮಂದಿ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು.

ಲಿಂಗಣ್ಣ ಪರದೆಯನ್ನು ಅರ್ಧಕ್ಕೆ ಎಳೆದ. ಅವಳ ಬೆರಳು ಮುದುಕನ ತುಟಿಯ ಹತ್ತಿರ ನಿಂತಿತು.

"ಹಾಕಬೇ ಕೈ! ಅಪ್ಪ ಸಾಯಾಕತ್ತಾನ!"

"ಪರದಿ ತಗೀರಿ, ಹಾಕ್ತೀನಿ."

"ನೀರು ಬಿಡಸ್ತೀನಂದೆನಲ್ಲ!"

"ಪರದಿ ಬ್ಯಾಡ. ನಿಮ್ಮ ನೀರೂ ಬ್ಯಾಡ."